ನಾಲ್ಕು ತೋಳಿನ ಅಂಗಿ

ಟೇಲರಮ್ಮ ಅಳತೆ ತೆಗೆಯುವಾಗ ಎರಡೂ ತೋಳುಗಳನ್ನು ಅಳೆಯುತ್ತಾರೆ. ಲೋಕದ ಟೇಲರುಗಳೆಲ್ಲ ಒಂದು ತೋಳಿಗೆ ಟೇಪು ಹಿಡಿದು, ಇನ್ನೊಂದೂ ಅಷ್ಟೇ ಇರುತ್ತದೆಂದು ನಂಬಿ ಕತ್ತರಿ ಆಡಿಸುತ್ತಾರೆ. ಇವರಿಗೆ ಆ ನಂಬಿಕೆ ಹೋಗಿ ನಲವತ್ತೆಂಟು ವರ್ಷವಾಯಿತು. ಅವಸರದ ಗಿರಾಕಿಗಳು "ಎರಡೂ ಒಂದೇ ಅಲ್ವಾ ಅಮ್ಮಾ?" ಎಂದು ಗೊಣಗಿದರೆ, "ಇರಬಹುದು. ಕೈ ಚಾಚಿ, ನೋಡೋಣ" ಎನ್ನುತ್ತಾರೆ. ಅದಕ್ಕೂ ಹೆಚ್ಚು ಮಾತಾಡಿದವರ ಅಂಗಿ ಒಂದು ವಾರ ತಡವಾಗುತ್ತದೆ.

ಅಂಗಡಿ ಅವರ ಅಪ್ಪನದು. ಬೀದಿಯ ತಿರುವಿನಲ್ಲಿ, ಬೀಗ ರಿಪೇರಿಯವನ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ಹತ್ತಡಿ ಅಗಲದ ಕೋಣೆ. ಬಾಗಿಲ ಬಳಿ ಕಾಲಿನಿಂದ ತುಳಿಯುವ ಎರಡು ಹೊಲಿಗೆ ಮಷೀನು, ನಡುವೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ಚೂರುಬಟ್ಟೆಯ ಗುಡ್ಡೆ. ಹಿಂದಿನ ಮೂಲೆಯಲ್ಲಿ ಹಸಿರು ಪರದೆ ಕಟ್ಟಿದ ಟ್ರಯಲ್ ರೂಮು. ರೂಮು ಎಂದರೆ ದೊಡ್ಡ ಮಾತಾಯಿತು. ಒಳಗೆ ನಿಂತು ಅಂಗಿ ಬಿಚ್ಚಿದರೆ ಮೊಣಕೈ ಗೋಡೆಗೆ ಬಡಿಯುತ್ತದೆ. ಗೋಡೆಯಲ್ಲಿ ಮೊಣಕೈ ಎತ್ತರಕ್ಕೆ ಸುಣ್ಣ ಉದುರಿ ಎರಡು ಗುಳಿ ಬಿದ್ದಿರುವುದು ಇವತ್ತಿಗೂ ಇದೆ.

ಈ ವಾರ ಟೇಲರಮ್ಮ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಅಣ್ಣನಿಗೊಂದು ಅಂಗಿ ಹೊಲಿಯುತ್ತಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಅಣ್ಣ, ಎರಡು ಬೀದಿ ಆಚೆ ಮಗಳ ಮನೆಯ ಮಹಡಿಯಲ್ಲಿದ್ದಾನೆ. ಗುರುವಾರ ಅವನ ಎದೆಯ ಆಪರೇಷನ್. ಆಸ್ಪತ್ರೆಯವರು ಮುಂದೆ ಪೂರ್ತಿ ತೆರೆಯುವ, ಕಂಕುಳಲ್ಲಿ ಸಡಿಲವಿರುವ ಅಂಗಿ ತನ್ನಿ ಎಂದಿದ್ದಾರೆ. ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದಾರೆ: ಬದುಕುವ ಸಾಧ್ಯತೆ ಅರ್ಧಕ್ಕರ್ಧ. ಉಳಿದ ಅರ್ಧವನ್ನು ನೆನೆದಾಗಲೆಲ್ಲ ಟೇಲರಮ್ಮನ ಕಾಲು ಮಷೀನಿನ ಮೇಲೆ ನಿಂತುಬಿಡುತ್ತಿತ್ತು. ನಲವತ್ತೆಂಟು ವರ್ಷದಿಂದ ಗಂಟಲಲ್ಲೇ ಉಳಿದ ಒಂದು ಪ್ರಶ್ನೆಯನ್ನು ಅವರು ಗುರುವಾರದೊಳಗೆ ಅಣ್ಣನನ್ನು ಕೇಳಬೇಕಿತ್ತು. "ಅವತ್ತು ಸುಳ್ಳು ಹೇಳಿ ನಿನ್ನನ್ನು ವಾಪಸ್ ಕರ್ಕೊಂಡು ಬಂದೆನಲ್ಲ, ತಪ್ಪು ಮಾಡಿದೆನಾ?"

ಎಲ್ಲಿಂದ ಕರೆತಂದರು ಎನ್ನುವುದನ್ನು ಹೇಳಬೇಕು. ನಂಬುವುದು ಬಿಡುವುದು ಕೇಳುವವರಿಗೆ ಸೇರಿದ್ದು; ಟೇಲರಮ್ಮ ಯಾರನ್ನೂ ನಂಬಿಸಲು ಹೊರಟವರಲ್ಲ. ಆಗ ಅವರು ಹದಿನಾಲ್ಕು ವರ್ಷದ ಹುಡುಗಿ, ಎರಡು ಜಡೆ, ಮೂಗಿನ ತುದಿಯಲ್ಲೇ ಕೋಪ. ಆದ್ದರಿಂದ ಇಲ್ಲಿಂದ ಸ್ವಲ್ಪ ದೂರ ಅವರನ್ನು ಅವಳು ಎಂದರೆ ಬೇಸರ ಮಾಡಿಕೊಳ್ಳಲಾರರು.

ಅಮ್ಮ ಹೋಗಿ ಎಂಟು ತಿಂಗಳಾಗಿತ್ತು. ಅಪ್ಪ ದಿನಾ ಹೊತ್ತಿಗೆ ಸರಿಯಾಗಿ ಅಂಗಡಿ ತೆರೆದು ಮಷೀನಿನ ಮುಂದೆ ಕೂರುತ್ತಿದ್ದರು, ಆದರೆ ಹೊಲಿಯುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಿ, ಮತ್ತೆ ಬಿಚ್ಚಿ, ಮತ್ತೆ ಪೋಣಿಸುವುದು. ಹದಿನಾರರ ಅಣ್ಣ ಮತ್ತು ಅವಳು ಶಾಲೆ ಬಿಟ್ಟ ಮೇಲೆ ಬಂದು ಅಂಗಡಿಯನ್ನು ಹೇಗೋ ತಳ್ಳುತ್ತಿದ್ದರು. ಅವಳು ಅಳತೆ ತೆಗೆದು ಕೂಗುವುದು, ಅಣ್ಣ ಪುಸ್ತಕದಲ್ಲಿ ಬರೆಯುವುದು. ಕತ್ತರಿಸುವುದು ಅವಳು, ಕಾಜಾ ಹೊಡೆದು ಗುಂಡಿ ಹಾಕುವುದು ಅವನು. ಇಸ್ತ್ರಿಪೆಟ್ಟಿಗೆಯ ಕೆಂಡದ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ, ಕನ್ನಡಕದ ಅಂಗಡಿಯವರ ರೇಡಿಯೋ, ಅಣ್ಣ ಹಲ್ಲಿನಿಂದ ದಾರ ಕಚ್ಚಿ ಬೈಸಿಕೊಳ್ಳುವುದು. ಆ ಸಂಜೆಗಳು ಮತ್ತೆ ಬೇಕೆಂದು ಟೇಲರಮ್ಮನಿಗೆ ಇವತ್ತಿಗೂ ಅನಿಸುತ್ತದೆ. ಅಷ್ಟು ದುಃಖದ ಕಾಲವನ್ನು ಯಾರಾದರೂ ಹೀಗೆ ಬಯಸುತ್ತಾರೆಯೇ? ಅವರು ಬಯಸುತ್ತಾರೆ.

ಶಾಲೆಗೆ ದೊಡ್ಡ ರಜೆಯಿದ್ದಾಗ ಒಂದು ಮಧ್ಯಾಹ್ನ, ಅಪ್ಪ ಟೀ ತರಲು ಹೋಗಿದ್ದಾಗ, ಮೈತುಂಬ ಶಾಲು ಹೊದ್ದ ಎತ್ತರದ ಮನುಷ್ಯರೊಬ್ಬರು ಬಂದರು. ತಮಗೊಂದು ಅಂಗಿ ಬೇಕು, ಅದಕ್ಕೆ ಜೇಬು ಕಡ್ಡಾಯ ಎಂದರು. ಅವಳು ಟೇಪು ಹಿಡಿದು ಶಾಲಿನ ಒಳಗೆ ಕೈ ಹಾಕಿದಳು. ತೋಳು ಸಿಕ್ಕಿತು. ಅದರ ಹಿಂದೆ ಇನ್ನೊಂದು ಸಿಕ್ಕಿತು. ಆಚೆ ಬದಿಯಲ್ಲೂ ಎರಡು.

ಅವಳು ಕಿರುಚಲಿಲ್ಲ. ಯಾಕೆಂದರೆ ಅಪ್ಪ ಕಲಿಸಿದ ಮೊದಲ ಪಾಠ ಅದು: ಗಿರಾಕಿಯ ಮೈಯಲ್ಲಿ ಏನೇ ಕಂಡರೂ ಮುಖದಲ್ಲಿ ತೋರಿಸಬಾರದು. ಗೂನು ಇರಲಿ, ಹೊಟ್ಟೆ ಇರಲಿ, ಒಂದು ಭುಜ ಇಳಿದಿರಲಿ, ಟೇಪು ಹಿಡಿ, ಅಳತೆ ಕೂಗು, ಮುಗಿಯಿತು. ಅವಳು ಅಂಗಡಿಯ ಮರ್ಯಾದೆ ಕಾಪಾಡಿದಳು.

"ತೋಳುದ್ದ ಇಪ್ಪತ್ತಮೂರೂವರೆ," ಎಂದು ಕೂಗಿ, "ತೋಳು ನಾಲ್ಕು" ಎಂದಳು.

ಅಣ್ಣನ ಪೆನ್ಸಿಲ್ ತುದಿ ಮುರಿಯಿತು. ಆದರೂ ಬರೆದುಕೊಂಡ. "ಜೇಬು ಎಷ್ಟು ಸರ್?" ಎಂದು ಕೇಳಿದ. ಧ್ವನಿ ಮಾತ್ರ ಎಲ್ಲಿಂದಲೋ ಬಂದಂತಿತ್ತು.

"ನಾಲ್ಕು ಇರಲಿ ಮಗೂ. ಹಿಡ್ಕೊಂಡು ಹಿಡ್ಕೊಂಡು ಸಾಕಾಗಿದೆ."

ಅವರು ಹೋದ ಮೇಲೆ ಅಣ್ಣ ಪೆನ್ಸಿಲ್ ಹೆರೆದು, ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡ. ಆಮೇಲೆ, "ಕಾಲರ್ ಒಂದೇ ಸಾಕಲ್ಲ?" ಎಂದ. ಅವಳು ನಕ್ಕಳು. ಎಂಟು ತಿಂಗಳಲ್ಲಿ ಅದು ಮೊದಲ ನಗು.

ಅಪ್ಪನಿಗೆ ಹೇಳದೆ ಇಬ್ಬರೂ ಸೇರಿ ಮೂರು ದಿನದಲ್ಲಿ ಅಂಗಿ ಮುಗಿಸಿದರು. ನಾಲ್ಕನೆಯ ದಿನ ಅದೇ ಹೊತ್ತಿಗೆ ಶಾಲಿನವರು ಬಂದರು. ಅಪ್ಪ ಆಗಷ್ಟೇ ಟೀ ಲೋಟವನ್ನು ಮಷೀನಿನ ಮೇಲಿಟ್ಟುಕೊಂಡು ಬೀದಿ ನೋಡುತ್ತ ಕೂತಿದ್ದರು. ಶಾಲಿನವರು ಅಂಗಿ ಹಿಡಿದು ಪರದೆಯ ಹಿಂದೆ ಹೋದರು. ಧಡಧಡ ಸದ್ದಾಯಿತು. ಎರಡು ಮೊಣಕೈಯವರಿಗೇ ಸಾಲದ ಜಾಗ ಅದು, ನಾಲ್ಕಕ್ಕೆ ಎಲ್ಲಿಂದ ಬರಬೇಕು? ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. "ಮಕ್ಕಳೇ, ಇದು ಸರಿಯಾಗಿ ಕೂತಿಲ್ಲ. ಸ್ವಲ್ಪ ಒಳಗೆ ಬನ್ನಿ" ಎಂಬ ಕರೆ ಬಂತು. ಅವಳು ಟೇಪು, ಅಣ್ಣ ಸೂಜಿದಾರದ ಡಬ್ಬಿ ಹಿಡಿದು ಪರದೆ ಸರಿಸಿ ಒಳಗೆ ಕಾಲಿಟ್ಟರು.

ಗೋಡೆ ಇರಲಿಲ್ಲ. ಕೈಯಾಡಿಸಲು ಜಾಗ ಸಾಲದೆ ಆ ಮಹಾನುಭಾವರು ಗೋಡೆಯನ್ನೇ ಸರಿಸಿ ತಮ್ಮ ಲೋಕವನ್ನು ತೆರೆದುಕೊಂಡಿದ್ದರು. ಯಾವ ದಿಕ್ಕಿನಿಂದಲೂ ಬಾರದ ಒಂದು ಬೆಳಕು, ನೆರಳೇ ಇಲ್ಲ. ಸೂಜಿಯ ಕಣ್ಣು ಅಷ್ಟು ಸ್ಪಷ್ಟವಾಗಿ ಅವಳಿಗೆ ಮತ್ತೆಂದೂ ಕಂಡಿಲ್ಲ. ಕಾಲ ಕೆಳಗೆ ಮೋಡದಂಥ ನೆಲ. ಸುತ್ತ ದೇವರುಗಳು. ಪಠ್ಯಪುಸ್ತಕದ ಚಿತ್ರದಲ್ಲಿ ನಿಲ್ಲುವ ಹಾಗೆ ನಿಂತಿದ್ದರು, ಆದರೆ ಎಲ್ಲರ ಕಣ್ಣೂ ಆ ಅಂಗಿಯ ಮೇಲೆ.

ಅಂಗಿ ಮಾತ್ರ ಅಧ್ವಾನವಾಗಿತ್ತು. ಒಂದು ತೋಳು ಸರಿ, ಮೂರು ತಪ್ಪು. ಟೇಲರುಗಳಷ್ಟೇ ಮಾಡಬಲ್ಲ ತಪ್ಪು ಅದು. ಒಂದನ್ನು ಅಳೆದು ಉಳಿದವೂ ಹಾಗೇ ಇರುತ್ತವೆಂದು ಅವಳು ಕತ್ತರಿಸಿಬಿಟ್ಟಿದ್ದಳು. ಆದರೆ ಯುಗಯುಗ ಗದೆ ಹಿಡಿದ ತೋಳು ಎರಡಿಂಚು ಇಳಿದಿತ್ತು. ದೀಪ ಹಿಡಿದದ್ದು ಒಂದಿಂಚು ಗಿಡ್ಡ. ಹರಸಲು ಸದಾ ಎತ್ತಿ ಹಿಡಿದ ಕೈ ಬಡಕಲಾಗಿ, ಭುಜದ ಸಂದು ಬಿಗಿದುಕೊಂಡಿತ್ತು.

"ಈ ಕೈ ಕೆಳಗಿಳಿಸೋಕಾಗಲ್ವಾ?" ಎಂದು ಅವಳು ಕೇಳಿದಳು.

"ಇಳಿಸಿದ್ರೆ ನೋಡೋರು ಏನಂದುಕೋತಾರೆ?" ಎಂದರು ಶಾಲಿನವರು. ಆಮೇಲೆ ಸಣ್ಣ ದನಿಯಲ್ಲಿ, "ಒಂದು ಜೇಬಿದ್ರೆ ನೆಪ ಆಗುತ್ತೆ" ಎಂದರು.

ಅವಳು ಅಲ್ಲೇ ಕೂತು ಹೊಲಿಗೆ ಬಿಚ್ಚಿ, ನಾಲ್ಕೂ ತೋಳನ್ನು ಬೇರೆ ಬೇರೆ ಅಳೆದು ಸರಿಮಾಡಿ ಕೊಟ್ಟಳು. ಆ ಎತ್ತಿದ ಕೈ ಮೊದಲ ಸಲ ಕೆಳಗಿಳಿದು ಜೇಬಿನೊಳಗೆ ಹೋದಾಗ ಅವರ ಮುಖದಲ್ಲಿ ಮೂಡಿದ ಸುಖವನ್ನು ಟೇಲರಮ್ಮ ಇನ್ನೂ ಮರೆತಿಲ್ಲ. ಸುತ್ತಲಿನವರು ಅದನ್ನು ನೋಡಿದ್ದೇ ತಡ, ಎಲ್ಲರಿಗೂ ಜೇಬಿನ ಅಂಗಿ ಬೇಕಾಯಿತು. ದೇವರುಗಳು ಸಾಲಾಗಿ ನಿಂತರು. ಸಾಲು ತಪ್ಪಿಸಿ ನುಗ್ಗಿದವರೂ ಇದ್ದರು.

ಬಟ್ಟೆ ಬೇಕೆಂದರೆ ಬಟ್ಟೆ, ಮಷೀನು ಬೇಕೆಂದರೆ ಮಷೀನು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಾಜರು. ಬೆಂಕಿಯ ದೇವರು ಇಸ್ತ್ರಿ ಕೆಲಸ ತಾನು ಮಾಡುತ್ತೇನೆಂದು ಹಟ ಹಿಡಿದು, ಅಂಗೈಯಿಂದ ಮೊದಲ ಮೂರು ಅಂಗಿ ಸುಟ್ಟುಹಾಕಿದರು. ಮಳೆಯ ದೇವರ ಜೇಬಿನಲ್ಲಿ ಏನಿಟ್ಟರೂ ನೆನೆದು ಮುದ್ದೆ. ಅಣ್ಣ ತಲೆ ಓಡಿಸಿ ಒಳಗೆ ಕೊಡೆಯ ಬಟ್ಟೆಯ ಅಸ್ತರಿ ಕೊಟ್ಟ. ಅಷ್ಟಕ್ಕೇ ಅವನು ಅಲ್ಲಿ ದೊಡ್ಡ ಮನುಷ್ಯನಾದ. ಸಾವಿನ ದೇವರು ತುಂಬ ಸಂಕೋಚದವರು. ಎಲ್ಲರದೂ ಮುಗಿದ ಮೇಲೆ ಬಂದು, "ಕೈ ಯಾವಾಗಲೂ ತಣ್ಣಗಿರುತ್ತೆ. ಒಳಜೇಬು ಕೊಡೋಕಾಗುತ್ತಾ?" ಎಂದು ಕೇಳಿದರು.

ಅಣ್ಣನ ಮುಖ ಬಿಗಿಯಿತು. "ಮೊದಲು ಇದು ಹೇಳಿ. ಎಂಟು ತಿಂಗಳ ಹಿಂದೆ ನಮ್ಮಮ್ಮನ್ನ ಕರ್ಕೊಂಡು ಹೋದ್ರಲ್ಲ, ಆಕೆ ಏನಾದ್ರೂ ಹೇಳಿದ್ರಾ?"

ಸಾವಿನ ದೇವರು ನಿಜವಾಗಿಯೂ ಯೋಚಿಸಿದರು. "ಹಿಂದೆ ಅಂದ್ರೆ ಏನು ಮಗೂ?" ಎಂದರು.

ಅವರಿಗೆ ಗೊತ್ತಿರಲಿಲ್ಲ. ಅಲ್ಲಿ ಯಾರಿಗೂ ನಿನ್ನೆ ಎಂಬುದಿರಲಿಲ್ಲ. ಸಂಜೆಯಾಗದ ಊರಲ್ಲಿ ನಿನ್ನೆ ಎಲ್ಲಿಂದ ಹುಟ್ಟಬೇಕು? ಅಣ್ಣ ಮೊದಲು ಸಿಟ್ಟಾದ, ಆಮೇಲೆ ಕುಗ್ಗಿದ, ಆಮೇಲೆ ನಿಧಾನವಾಗಿ ಹಗುರವಾದ. ಹಾಡು ಗುನುಗತೊಡಗಿದ. ಅಮ್ಮ ಹೋದಾಗಿನಿಂದ ಅವನ ಹುಬ್ಬುಗಳ ನಡುವೆ ಬಿದ್ದಿದ್ದ ಗೆರೆ ಮಾಯವಾಯಿತು. ಅವಳಿಗೂ ಹಾಯೆನಿಸುತ್ತಿತ್ತು. ದಿನದ ಲೆಕ್ಕಕ್ಕೆ ಅಲ್ಲಿ ಏನೂ ಇರಲಿಲ್ಲವಾಗಿ ಮಷೀನಿನ ದಾರ ಮುಗಿದು ಖಾಲಿಯಾದ ಬಾಬಿನ್‌ಗಳನ್ನು ಎಣಿಸುತ್ತಿದ್ದಳು. ಏಳನೆಯದು ಖಾಲಿಯಾದಾಗ ಯಾವುದೋ ಮಾತಿಗೆ, "ಅಮ್ಮನ ಮಚ್ಚೆ ಯಾವ ಕೆನ್ನೇಲಿತ್ತು ಅಣ್ಣಾ?" ಎಂದಳು.

ಅಣ್ಣ ಕಾಜಾ ಹೊಡೆಯುತ್ತಲೇ ಯೋಚಿಸಿ, "ಮಚ್ಚೆ ಇತ್ತಾ?" ಎಂದು ನಕ್ಕ.

ಅವಳು ಕಣ್ಣು ಮುಚ್ಚಿ ತಾನೇ ನೆನಪು ಮಾಡಿಕೊಳ್ಳಲು ನೋಡಿದಳು. ಅಮ್ಮನ ಸೀರೆಯ ಬಣ್ಣ ಬಂತು, ಕೈಯ ಒರಟು ಬಂತು. ಮುಖ ಬರಲಿಲ್ಲ.

"ಹೋಗೋಣ ನಡಿ" ಎಂದಳು.

"ನೀನು ಹೋಗು. ನಾನು ಬರಲ್ಲ." ಅಣ್ಣ ಸೂಜಿಯಿಂದ ಕಣ್ಣೆತ್ತಲಿಲ್ಲ. "ಅಲ್ಲಿ ಬೆಳಿಗ್ಗೆ ಎದ್ದ ಕೂಡ್ಲೇ ನೋವಾಗುತ್ತೆ. ಇಲ್ಲಿ ಏನೂ ಆಗಲ್ಲ. ಇಲ್ಲಿ ಯಾರೂ ಸಾಯಲ್ಲ, ಯಾರಿಗೂ ವಯಸ್ಸಾಗಲ್ಲ. ನಾನು ಹೀಗೇ ಇದ್ದುಬಿಡ್ತೀನಿ."

ಗೋಗರೆದಳು, ಬೈದಳು, ತೋಳು ಹಿಡಿದು ಜಗ್ಗಿದಳು. ಬಂಡೆಯಂತೆ ಕೂತವನು ಅಲುಗಲಿಲ್ಲ. ಶಾಲಿನವರು ಎರಡು ಕೈ ಜೇಬಿನಲ್ಲಿಟ್ಟುಕೊಂಡು, ಇನ್ನೆರಡನ್ನು ಕಟ್ಟಿಕೊಂಡು ದೂರದಲ್ಲಿ ನಿಂತಿದ್ದರು. ಅವರು ತಡೆಯಲೂ ಇಲ್ಲ, ಕಳಿಸಲೂ ಇಲ್ಲ. ಕೊನೆಗೆ ಅವಳು ಅಳುತ್ತಲೇ ಬಾಯಿಗೆ ಬಂದ ಸುಳ್ಳನ್ನು ಹೇಳಿಬಿಟ್ಟಳು.

"ಅಪ್ಪ ಬಿದ್ದುಬಿಟ್ಟಿದಾರಂತೆ ಅಣ್ಣಾ! ಅಂಗಡೀಲೇ ಬಿದ್ದಿದಾರಂತೆ, ಸುದ್ದಿ ಬಂದಿದೆ!"

ಅಣ್ಣ ತಲೆಯೆತ್ತಿ ಅವಳ ಮುಖವನ್ನು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಸೂಜಿಯನ್ನು ಡಬ್ಬಿಗೆ ಚುಚ್ಚಿ, ಎದ್ದು ಅವಳ ಹಿಂದೆ ಬಂದ.

ಪರದೆ ಸರಿಸಿ ಹೊರಗೆ ಬಂದರೆ ಅಪ್ಪ ಕೂತಲ್ಲೇ ಕೂತಿದ್ದರು, ಗಟ್ಟಿಮುಟ್ಟಾಗಿ. ಮಷೀನಿನ ಮೇಲಿನ ಟೀಯಿಂದ ಇನ್ನೂ ಹಬೆ ಏಳುತ್ತಿತ್ತು. "ಟ್ರಯಲ್ ಆಯ್ತಾ?" ಎಂದು ಕೇಳಿದರು. ಅಣ್ಣ ಅಪ್ಪನನ್ನು ನೋಡಿದ, ಅವಳನ್ನು ನೋಡಿದ. "ಆಯ್ತಪ್ಪ" ಎಂದ. ಆ ರಾತ್ರಿ ಅಮ್ಮನನ್ನು ನೆನೆದು ಇಬ್ಬರೂ ಬೇರೆ ಬೇರೆ ಗೋಡೆಯ ಕಡೆ ಮುಖ ಮಾಡಿ ಅತ್ತರು. ಮಚ್ಚೆ ಎಡಗೆನ್ನೆಯಲ್ಲಿತ್ತು.

ಅಲ್ಲಿಂದ ಅಣ್ಣ ಆ ಮಾತನ್ನೇ ಎತ್ತಲಿಲ್ಲ, ಒಂದೇ ಒಂದು ಸಲವೂ. ಶಾಲಿನವರೂ ಮತ್ತೆ ಬರಲಿಲ್ಲ. ಅಪ್ಪ ನಿಧಾನವಾಗಿ ಸೂಜಿಯಿಂದ ಬಟ್ಟೆಗೆ ಇಳಿದರು, ಇನ್ನೂ ಹದಿನೆಂಟು ವರ್ಷ ಹೊಲಿದರು. ಅಣ್ಣ ಹೊಲಿಗೆ ಬಿಟ್ಟು ಬಸ್ಸು ಹತ್ತಿದ. ಅವಳು ಟೇಲರಮ್ಮ ಆದಳು, ಮದುವೆಯಾಯಿತು, ಮಗನೊಬ್ಬ ಹುಟ್ಟಿ ದೊಡ್ಡವನಾದ. ಅಣ್ಣ ತಂಗಿ ವಾರಕ್ಕೊಮ್ಮೆ ಸೇರುವುದು, ಟೀ ಕುಡಿಯುವುದು, ಚುನಾವಣೆಯಿಂದ ಹಿಡಿದು ಸಾರಿನ ಉಪ್ಪಿನ ತನಕ ಎಲ್ಲದಕ್ಕೂ ಕಿತ್ತಾಡುವುದು ತಪ್ಪಲಿಲ್ಲ. ಆ ಒಂದು ವಿಷಯಕ್ಕೆ ಮಾತ್ರ ಇಬ್ಬರ ಬಾಯಿಗೂ ಬೀಗ.

ಆ ಮೌನವನ್ನು ಟೇಲರಮ್ಮ ಸಿಟ್ಟೆಂದೇ ತಿಳಿದರು. ಘಟ್ಟದ ರಸ್ತೆಯಲ್ಲಿ ಬಸ್ಸು ಮಗುಚಿ ಅಣ್ಣನ ಕಾಲು ಮುರಿದಾಗ, "ನಾನು ಕರೆತರದಿದ್ದರೆ ಇವನಿಗೆ ಇದಾಗುತ್ತಿರಲಿಲ್ಲ" ಎಂದುಕೊಂಡರು. ಅತ್ತಿಗೆ ತೀರಿಕೊಂಡ ದಿನ ಅಣ್ಣ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಂಡು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕೂತಿದ್ದ. ಅವತ್ತಂತೂ ಅವನ ಕಣ್ಣು ನೋಡಲು ಅವರಿಗೆ ಧೈರ್ಯವಾಗಲಿಲ್ಲ. ಅವನ ಕೂದಲು ಬೆಳ್ಳಗಾದದ್ದು, ಮಂಡಿ ಸವೆದದ್ದು, ಈಗ ಎದೆ ಕೈಕೊಟ್ಟದ್ದು, ಎಲ್ಲವನ್ನೂ ತಮ್ಮ ತಲೆಗೇ ಕಟ್ಟಿಕೊಂಡರು. ಹದಿನಾರು ವರ್ಷದ, ಹುಬ್ಬಿನ ನಡುವೆ ಗೆರೆಯಿಲ್ಲದ ಹುಡುಗನೊಬ್ಬ ಅಲ್ಲಿ ಹಾಡು ಗುನುಗುತ್ತ ಇರಬಹುದಿತ್ತು. ಒಂದು ಸುಳ್ಳಿನಿಂದ ಅವನನ್ನು ಮುದಿತನಕ್ಕೆ ಎಳೆದು ತಂದವಳು ತಾನು.

ಬುಧವಾರ ಮಧ್ಯಾಹ್ನ ಅಂಗಿ ತೆಗೆದುಕೊಂಡು ಹೋದರು. ಮಗಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋಗಿದ್ದರು. ಮಹಡಿಯ ಕೋಣೆಯಲ್ಲಿ ಅಣ್ಣ ಮಂಚದ ಮೇಲೆ ಕೂತು, ಆಸ್ಪತ್ರೆಗೆ ಒಯ್ಯುವ ಚೀಲದಿಂದ ಮಗಳು ಇಟ್ಟಿದ್ದ ಸಾಮಾನನ್ನೆಲ್ಲ ತೆಗೆದು ಮತ್ತೆ ತನ್ನ ಕ್ರಮದಲ್ಲಿ ತುಂಬುತ್ತಿದ್ದ. ಅಂಗಿ ತೊಡಿಸಿ ನೋಡಿದರು. ಚೆನ್ನಾಗಿ ಕೂತಿತು.

"ಕಾಲರ್ ಯಾಕಿಟ್ಟೆ? ಆಪರೇಷನ್ ಟೇಬಲ್ ಮೇಲೆ ನಾನೇನು ಮದುಮಗನಾ?" ಎಂದ ಅಣ್ಣ.

ಬೇರೆ ದಿನವಾಗಿದ್ದರೆ ಇದಕ್ಕೇ ಒಂದು ಗಂಟೆ ಜಗಳವಾಗುತ್ತಿತ್ತು. ಟೇಲರಮ್ಮ ಮಂಚದ ತುದಿಯಲ್ಲಿ ಕೂತರು.

"ಅಣ್ಣಾ, ಆ ಶಾಲಿನವರು ನೆನಪಿದಾರಾ?"

ಗುಂಡಿಯ ಮೇಲಿದ್ದ ಅವನ ಬೆರಳು ನಿಂತಿತು. ಬೀದಿಯಲ್ಲಿ ಯಾರೋ ಸ್ಕೂಟರ್ ಶುರುಮಾಡಲು ಒದ್ದಾಡುತ್ತಿದ್ದರು. ಅದು ಶುರುವಾಗಿ ಹೋದ ಮೇಲೆ ಅಣ್ಣ ಆ ಗುಂಡಿಯನ್ನು ಹಾಕಿಕೊಂಡ.

"ಇದಾರೆ" ಎಂದ.

ಮತ್ತೆ ತಡೆದರೆ ಹೇಳಲಾರೆನೆಂದು ಟೇಲರಮ್ಮ ಒಂದೇ ಉಸಿರಿಗೆ ಹೇಳಿದರು. ಸುಳ್ಳು ಹೇಳಿದ್ದು, ಅಪ್ಪ ಗಟ್ಟಿಯಾಗಿ ಕೂತಿದ್ದನ್ನು ಅವನು ನೋಡಿದ್ದು, ಆಮೇಲಿನ ಮೌನ, ಮುರಿದ ಕಾಲು, ಅತ್ತಿಗೆ, ಈ ಎದೆ. "ನಿನಗೆ ಮೋಸ ಮಾಡಿದೆ ನಾನು. ತಪ್ಪು ಮಾಡಿದೆನಾ ಹೇಳು. ಬೈಯೋದಿದ್ರೆ ಇವತ್ತೇ ಬೈದುಬಿಡು."

ಅಣ್ಣ ಅವರನ್ನೇ ನೋಡುತ್ತಿದ್ದ. ಆಮೇಲೆ ನಗತೊಡಗಿದ. ನಗಬಾರದೆಂದು ಡಾಕ್ಟರು ಹೇಳಿದ್ದಾರೇನೋ ಎಂಬಂತೆ ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕ.

"ಅಪ್ಪ ಬಿದ್ದಿದಾರೆ, ಸುದ್ದಿ ಬಂದಿದೆ ಅಂದ್ಯಲ್ಲ, ಸುದ್ದಿ ತಂದೋರು ಯಾರು? ಅಲ್ಲಿಗೇನು ಪೋಸ್ಟ್‌ಮ್ಯಾನ್ ಬರ್ತಿದ್ನಾ?"

"ಅಂದ್ರೆ?"

"ನೀನು ಬಾಯಿ ತೆಗೆದ ಕೂಡ್ಲೇ ಗೊತ್ತಾಯ್ತು ಸುಳ್ಳು ಅಂತ. ನಿನಗೆ ಯಾವತ್ತು ಸುಳ್ಳು ಹೇಳೋಕೆ ಬಂದಿದೆ ಪೆದ್ದಿ?"

"ಗೊತ್ತಿದ್ರೆ ಮತ್ತೆ ಯಾಕೆ ಬಂದೆ?"

ಅಣ್ಣ ಚೀಲದ ಜಿಪ್ಪನ್ನು ಹಾಕಿದ, ತೆಗೆದ. "ನೀನು ಅಳ್ತಿದ್ದೆ," ಎಂದ. "ಅಲ್ಲಿ ಯಾರಿಗೂ ಅಳು ಬರ್ತಿರಲಿಲ್ಲ, ನೋಡಿದ್ಯಲ್ಲ. ಅಲ್ಲಿಗೆ ಹೋದ ಮೇಲೆ ಅಳೋ ಮುಖ ಅಂತ ನಾನು ನೋಡಿದ್ದು ನಿನ್ನದೇ ಮೊದಲು. ನೀನು ಅಳೋವಾಗ ಕೆಳತುಟಿ ಒಂದು ಕಡೆಗೆ ಎಳೆಯುತ್ತೆ. ಅಮ್ಮನಿಗೂ ಹಾಗೇ ಆಗ್ತಿತ್ತು. ಅಷ್ಟು ಸಾಕಾಯ್ತು ನನಗೆ, ಅಮ್ಮನ ಮುಖ ಪೂರ್ತಿ ವಾಪಸ್ ಬಂತು. ಜೊತೆಗೆ ನೋವೂ ಬಂತು. ಬರಲಿ ಬಿಡು ಅಂತ ಎದ್ದು ಬಂದೆ."

ಟೇಲರಮ್ಮನಿಗೆ ಸಿಟ್ಟು ಬಂತು. ಸಂತೋಷಕ್ಕಿಂತ ಮೊದಲು ಸಿಟ್ಟೇ ಬಂತು. "ನಲವತ್ತೆಂಟು ವರ್ಷ! ಇಷ್ಟು ಹೇಳೋಕೆ ನಿನಗೇನಾಗಿತ್ತು?"

"ನಾನು ಆ ಮಾತು ಎತ್ತಿದ್ರೆ ನಿನಗೆ ಮತ್ತೆ ಅಲ್ಲಿಗೆ ಹೋಗೋ ಆಸೆ ಬಂದ್ರೆ? ನೀನು ಆಗಾಗ ಆ ಹಸಿರು ಪರದೆ ಸರಿಸಿ ನೋಡ್ತಿದ್ದೆ. ನಾನು ನೋಡಿದೀನಿ. ಹೆದರಿಕೆ ಆಗ್ತಿತ್ತು ನನಗೆ."

ಅದು ನಿಜ. ಅವರು ನೋಡುತ್ತಿದ್ದರು. ಆ ಬೆಳಕಿಗಾಗಿ, ಆ ಏಳು ಬಾಬಿನ್ ಹೊತ್ತಿಗಾಗಿ ಜೀವ ತುಡಿದದ್ದಿದೆ. ಅಲ್ಲಗಳೆಯಲು ಬಾಯಿ ತೆರೆದರೆ ಅಳು ಬಂತು. ಅರವತ್ತೆರಡರ ಹೆಂಗಸು ಎರಡು ಜಡೆಯ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತರು. ನಾಚಿಕೆಯಾಗಿ ಸೆರಗನ್ನು ಮುಖಕ್ಕೆ ಒಯ್ದರು. ಅಣ್ಣ ಅವರ ಮಣಿಕಟ್ಟು ಹಿಡಿದ.

"ಒರೆಸ್ಕೋಬೇಡ. ಸ್ವಲ್ಪ ಹೊತ್ತು ಹಾಗೇ ಇರು," ಎಂದ. "ನಾಳೆ ಒಳಗೆ ಹೋಗೋ ಮುಂಚೆ ಒಂದ್ಸಲ ನೋಡ್ಕೋತೀನಿ."

ಟೇಲರಮ್ಮ ಸೆರಗು ಬಿಟ್ಟರು. ಅವನಿಗೆ ಚೆನ್ನಾಗಿ ಕಾಣಲಿ ಎಂದು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿ ಕೂತರು.